ಹುಲ್ಲಿನ ಬೇರನ್ನು ಅರಿತ ವಿಜ್ಞಾನಿ: ಜಾನ್ ಅರ್ನೆಸ್ಟ್ ವೀವರ್ ಮತ್ತು ಬರಗಾಲದ ಹುಲ್ಲುಗಾವಲು

ಮಳೆ ಸತತವಾಗಿ ಎರಡು ಮೂರು ವರ್ಷ ಕೈಕೊಟ್ಟಾಗ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ ಭಾಗದ ಮಡ್ಡಿ, ಗಾಯರಾಣ ಹಾಗೂ ಹೊಲದ ಒಡ್ಡುಗಳ ಮೇಲಿನ ಹುಲ್ಲು ಬೂದುಬಣ್ಣಕ್ಕೆ ತಿರುಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಆಗ ದನಕರು, ಆಡು, ಕುರಿ ಸಾಕಿದ ಪ್ರತಿಯೊಬ್ಬ ರೈತನ ಮುಂದೆ ಒಂದು ಪ್ರಶ್ನೆ ಇರುತ್ತದೆ: ಈ ಹುಲ್ಲು ಸತ್ತಿದೆಯೋ, ಮಳೆಗಾಗಿ ಕಾಯುತ್ತ ಮಲಗಿದೆಯೋ? ಎತ್ತುಗಳನ್ನು ಉಳಿಸಿಕೊಳ್ಳಬೇಕೇ ಮಾರಬೇಕೇ, ಬಣವೆಯಲ್ಲಿರುವ ಕಣಿಕೆಯನ್ನು ಎಷ್ಟು ತಿಂಗಳಿಗೆ ಹಂಚಿಕೊಳ್ಳಬೇಕು, ಮೊದಲ ಮಳೆ ಬಿದ್ದ ಕೂಡಲೇ ದನಗಳನ್ನು ಮಡ್ಡಿಗೆ ಬಿಡಬಹುದೇ ಎಂಬ ನಿರ್ಧಾರಗಳೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

ಈ ಪ್ರಶ್ನೆಗೆ ನೆಲವನ್ನು ಅಗೆದು ಉತ್ತರ ಹುಡುಕಿದವರಲ್ಲಿ ಅಮೆರಿಕದ ಸಸ್ಯಪರಿಸರ ವಿಜ್ಞಾನಿ ಜಾನ್ ಅರ್ನೆಸ್ಟ್ ವೀವರ್ ಅಗ್ರಗಣ್ಯರು. ಅವರು ಕೆಲಸ ಮಾಡಿದ್ದು ದೂರದ ನೆಬ್ರಾಸ್ಕ ರಾಜ್ಯದಲ್ಲಿ. ಆದರೆ ಅವರು ಜೀವಮಾನವಿಡೀ ಅಭ್ಯಸಿಸಿದ ಮುಖ್ಯ ಹುಲ್ಲುಗಳು ನಮ್ಮ ಜೋಳ, ಮಾರ್ವೆಲ್ ಹುಲ್ಲು ಮತ್ತು ಬಟ್ಟೆಗೆ ಚುಚ್ಚಿಕೊಳ್ಳುವ ಹೆಟೆರೊಪೋಗಾನ್ ಹುಲ್ಲಿನ ಹತ್ತಿರದ ಸಂಬಂಧಿಗಳು. ಸಸ್ಯಶಾಸ್ತ್ರದಲ್ಲಿ ಇವೆಲ್ಲವೂ ಒಂದೇ ಬುಡಕಟ್ಟಿಗೆ ಸೇರುತ್ತವೆ. ಅವರ ಬಾಳಿನ ಕಥೆಯನ್ನು ಒಣಬೇಸಾಯದ ರೈತರು ತಿಳಿಯುವುದು ಈ ಕಾರಣದಿಂದ ಉಪಯುಕ್ತ.

ಜನನ ಮತ್ತು ವಿದ್ಯಾಭ್ಯಾಸ

ವೀವರ್ ಅವರು 1884ರ ಮೇ 5ರಂದು ಅಯೋವಾ ರಾಜ್ಯದ ವಿಲಿಸ್ಕಾ ಎಂಬಲ್ಲಿ ಜನಿಸಿದರು. ಅಯೋವಾ, ನೆಬ್ರಾಸ್ಕ, ಕಾನ್ಸಾಸ್ ರಾಜ್ಯಗಳ ವಿಶಾಲ ಬಯಲು ಒಂದು ಕಾಲಕ್ಕೆ ಮರಗಳಿಲ್ಲದ ಹುಲ್ಲಿನ ಸಮುದ್ರವಾಗಿತ್ತು. ಇದನ್ನು ಅಲ್ಲಿನವರು ಪ್ರೇರಿ ಎಂದು ಕರೆಯುತ್ತಾರೆ. ವೀವರ್ ಅವರು ಹುಟ್ಟುವ ಹೊತ್ತಿಗೆ ಉಕ್ಕಿನ ನೇಗಿಲು ಆ ಬಯಲನ್ನು ವೇಗವಾಗಿ ಮಗುಚುತ್ತಿತ್ತು. ಸಾವಿರಾರು ವರ್ಷಗಳಿಂದ ಹುಲ್ಲಿನ ಬೇರುಗಳು ಕೊಳೆತು ಕೂಡಿಟ್ಟ ಕಪ್ಪು ಮಣ್ಣು ಮೆಕ್ಕೆಜೋಳ ಮತ್ತು ಗೋಧಿಯ ಹೊಲಗಳಾಗಿ ಮಾರ್ಪಡುತ್ತಿತ್ತು.

ಅವರು ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ 1909ರಲ್ಲಿ ಪದವಿಯನ್ನೂ 1911ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅಲ್ಲಿನ ಸಸ್ಯಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದವರು ಚಾರ್ಲ್ಸ್ ಬೆಸ್ಸಿ. ಅವರ ಶಿಷ್ಯರಾದ ಫ್ರೆಡರಿಕ್ ಕ್ಲೆಮೆಂಟ್ಸ್ ಅವರು ಸಸ್ಯಸಮುದಾಯಗಳು ಕಾಲಾನುಕ್ರಮದಲ್ಲಿ ಹೇಗೆ ಒಂದರ ನಂತರ ಒಂದು ನೆಲೆಗೊಳ್ಳುತ್ತವೆ ಎಂಬ ಸಿದ್ಧಾಂತದಿಂದ ಹೆಸರಾದರು. ವೀವರ್ ಅವರು ಈ ಪರಂಪರೆಯಲ್ಲಿ ಬೆಳೆದವರು. ಕೆಲಕಾಲ ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಕಾಲೇಜಿನಲ್ಲಿ ಬೋಧಿಸಿ, ಆ ಭಾಗದ ಸಸ್ಯಸಂಪತ್ತನ್ನು ಅಭ್ಯಸಿಸಿ, 1916ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದಕ್ಕೂ ಮುಂಚೆ, 1915ರಲ್ಲಿಯೇ, ನೆಬ್ರಾಸ್ಕ ವಿಶ್ವವಿದ್ಯಾಲಯದ ಸೇವೆಗೆ ಸೇರಿದ್ದರು. 1917ರಲ್ಲಿ ಪ್ರಾಧ್ಯಾಪಕರಾದರು, 1952ರಲ್ಲಿ ನಿವೃತ್ತರಾಗುವವರೆಗೆ ಅದೇ ಸಂಸ್ಥೆಯಲ್ಲಿ ಉಳಿದರು.

ಗುಂಡಿಯೇ ಪ್ರಯೋಗಶಾಲೆ

ಅಂದಿನ ಸಸ್ಯವಿಜ್ಞಾನ ಬಹುಮಟ್ಟಿಗೆ ನೆಲದ ಮೇಲಿನ ಭಾಗದ ವಿಜ್ಞಾನವಾಗಿತ್ತು. ಎಲೆ, ಹೂವು, ಕಾಳು ಕಣ್ಣಿಗೆ ಕಾಣುತ್ತವೆ, ಬೇರು ಕಾಣುವುದಿಲ್ಲ. ಬೇರನ್ನು ನೋಡಬೇಕಾದರೆ ಅಗೆಯಬೇಕು, ಅಗೆಯುವುದು ಶ್ರಮದ ಕೆಲಸ. ವೀವರ್ ಅವರು ಈ ಶ್ರಮವನ್ನೇ ತಮ್ಮ ವಿಧಾನವನ್ನಾಗಿ ಮಾಡಿಕೊಂಡರು.

ಗಿಡದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟು ಅಗಲದ ಕಂದಕವನ್ನು ಮೊದಲು ತೋಡಿಸುತ್ತಿದ್ದರು. ಅನಂತರ ಕಂದಕದ ಗೋಡೆಯಿಂದ ಮಣ್ಣನ್ನು ಮೊನಚಾದ ಸಣ್ಣ ಉಪಕರಣದಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತ, ಪ್ರತಿಯೊಂದು ಬೇರನ್ನೂ ತುದಿಯವರೆಗೆ ಹಿಂಬಾಲಿಸುತ್ತಿದ್ದರು. ಬೇರು ಯಾವ ಆಳದಲ್ಲಿ ಕವಲೊಡೆಯಿತು, ಯಾವ ದಿಕ್ಕಿಗೆ ತಿರುಗಿತು, ಎಲ್ಲಿ ನಿಂತಿತು ಎಂಬುದನ್ನು ಚೌಕಳಿ ಕಾಗದದ ಮೇಲೆ ಅಳತೆಗೆ ತಕ್ಕಂತೆ ಚಿತ್ರಿಸುತ್ತಿದ್ದರು. ಹೀಗೆ ಒಂದು ಗಿಡದ ಬೇರುಗಳ ಪೂರ್ಣ ನಕ್ಷೆ ಸಿದ್ಧವಾಗಲು ದಿನಗಟ್ಟಲೆ ಕೆಲಸ ಹಿಡಿಯುತ್ತಿತ್ತು.

ಈ ಅಧ್ಯಯನದ ಫಲವಾಗಿ 1919 ಮತ್ತು 1920ರಲ್ಲಿ ಬೇರುಗಳ ಪರಿಸರ ಸಂಬಂಧ ಹಾಗೂ ಹುಲ್ಲುಗಾವಲಿನ ಬೇರುಗಳ ಬೆಳವಣಿಗೆಯನ್ನು ಕುರಿತ ಎರಡು ಗ್ರಂಥಗಳು ಪ್ರಕಟವಾದವು. 1926ರಲ್ಲಿ ಹೊಲದ ಬೆಳೆಗಳ ಬೇರುಗಳನ್ನು, 1927ರಲ್ಲಿ ತರಕಾರಿ ಬೆಳೆಗಳ ಬೇರುಗಳನ್ನು ಕುರಿತ ಗ್ರಂಥಗಳು ಬಂದವು. ಜೋಳ, ಮೆಕ್ಕೆಜೋಳ, ಗೋಧಿ, ಕುದುರೆಮೆಂತೆ ಮುಂತಾದ ಬೆಳೆಗಳ ಬೇರುಗಳ ನಕ್ಷೆಗಳು ಇವುಗಳಲ್ಲಿವೆ. 1929ರಲ್ಲಿ ಕ್ಲೆಮೆಂಟ್ಸ್ ಅವರೊಡನೆ ಬರೆದ ಸಸ್ಯಪರಿಸರ ವಿಜ್ಞಾನದ ಗ್ರಂಥವು ಅನೇಕ ವರ್ಷ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿತ್ತು. 1930ರಲ್ಲಿ ಅವರು ಅಮೆರಿಕದ ಪರಿಸರ ವಿಜ್ಞಾನ ಸಂಘದ ಅಧ್ಯಕ್ಷರಾದರು.

ಕಂದಕಗಳು ತೋರಿಸಿಕೊಟ್ಟ ಸತ್ಯವು ಸರಳವಾದರೂ ಅಂದಿನವರಿಗೆ ಅಚ್ಚರಿಯದಾಗಿತ್ತು. ಪ್ರೇರಿಯ ಪ್ರಾತಿನಿಧಿಕವಾದ 43 ಸಸ್ಯಗಳ ಪೈಕಿ ಸುಮಾರು ಶೇಕಡಾ 14ರಷ್ಟು ಮಾತ್ರ ಮೇಲಿನ 2 ಅಡಿ ಮಣ್ಣಿನಲ್ಲಿಯೇ ಜೀವನ ಸಾಗಿಸುತ್ತಿದ್ದವು. ಶೇಕಡಾ 21ರಷ್ಟು ಸಸ್ಯಗಳ ಬೇರುಗಳು ಸುಮಾರು 5 ಅಡಿಯವರೆಗೆ ಇಳಿದಿದ್ದವು. ಉಳಿದ ಶೇಕಡಾ 65ರಷ್ಟು ಸಸ್ಯಗಳ ಬೇರುಗಳು 5 ಅಡಿಗಿಂತಲೂ ಕೆಳಗೆ ಹೋಗಿದ್ದವು. ಕೆಲವು ಜಾತಿಗಳಲ್ಲಿ 20 ಅಡಿಯನ್ನೂ ದಾಟಿದ್ದವು. ದೊಡ್ಡ ಬ್ಲೂಸ್ಟೆಮ್ ಎಂಬ ಎತ್ತರದ ಹುಲ್ಲಿನ ಬೇರು 5ರಿಂದ 7 ಅಡಿ, ಅದರ ಸಂಬಂಧಿಯಾದ ಸಣ್ಣ ಬ್ಲೂಸ್ಟೆಮ್‌ನ ಬೇರು ಸುಮಾರು 5 ಅಡಿ ಆಳಕ್ಕೆ ಇಳಿಯುತ್ತಿತ್ತು. ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಕಾಣುವುದಕ್ಕಿಂತ ನೆಲದಡಿ ಅಡಗಿರುವ ಭಾಗವೇ ಹೆಚ್ಚು ತೂಕದ್ದು ಎಂಬುದು ಸ್ಪಷ್ಟವಾಯಿತು.

ಒಂದೇ ತುಂಡು ನೆಲದಲ್ಲಿ ಬಗೆಬಗೆಯ ಸಸ್ಯಗಳು ಜಗಳವಿಲ್ಲದೆ ಹೇಗೆ ಬಾಳುತ್ತವೆ ಎಂಬುದಕ್ಕೂ ಇದರಿಂದ ವಿವರಣೆ ದೊರೆಯಿತು. ಒಂದರ ಬೇರು ಮೇಲಿನ ಪದರದ ತೇವವನ್ನೂ ಮತ್ತೊಂದರ ಬೇರು ನಡುವಿನ ಪದರದ ತೇವವನ್ನೂ ಮೂರನೆಯದು ಆಳದ ತೇವವನ್ನೂ ಬಳಸುತ್ತಿದ್ದವು. ತೊಗರಿಯೊಡನೆ ಸಜ್ಜೆಯನ್ನು ಅಕ್ಕಡಿಯಾಗಿ ಬಿತ್ತುವ ನಮ್ಮ ರೈತರಿಗೆ ಈ ತತ್ತ್ವವು ಹೊಸದೇನಲ್ಲ.

ಎಲೆ ಕಳೆದುಕೊಂಡ ಹುಲ್ಲು ಬೇರನ್ನೂ ಕಳೆದುಕೊಳ್ಳುತ್ತದೆ

ಬೇರಿನ ಆಳವನ್ನು ಅಳೆದ ಮೇಲೆ ವೀವರ್ ಅವರ ಗಮನವು ಮೇವಿನ ಕಡೆಗೆ ಹೊರಳಿತು. ಹುಲ್ಲನ್ನು ಪದೇಪದೇ ಕತ್ತರಿಸಿದರೆ ಬೇರಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅವರು ತಮ್ಮ ಶಿಷ್ಯರಾದ ಹೆರಾಲ್ಡ್ ಬಿಸ್ವೆಲ್ ಅವರೊಡನೆ ಪ್ರಯೋಗ ಕೈಗೊಂಡರು. ಪ್ರೇರಿಯ ಹೆಂಟೆಗಳನ್ನು ತಂದು ಬೆಳೆಸಿ, ಕೆಲವನ್ನು ಮತ್ತೆ ಮತ್ತೆ ಕತ್ತರಿಸಿ, ಕೆಲವನ್ನು ಹಾಗೆಯೇ ಬಿಟ್ಟು, ಕೊನೆಗೆ ಎರಡರ ಬೇರುಗಳನ್ನೂ ತೊಳೆದು ತೂಗಿದರು. 1933ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪದೇಪದೇ ಕತ್ತರಿಸಿದ ಹುಲ್ಲಿನ ಬೇರುಗಳ ತೂಕವು ಕತ್ತರಿಸದ ಹುಲ್ಲಿನ ಬೇರುಗಳ ತೂಕಕ್ಕಿಂತ ಬಹಳ ಕಡಿಮೆಯಿತ್ತು.

ಇದರ ಕಾರಣವನ್ನು ಅರಿಯುವುದು ಕಷ್ಟವಲ್ಲ. ಬೇರಿಗೆ ಆಹಾರ ಬರುವುದು ಎಲೆಯಿಂದ. ದನವು ಎಲೆಯನ್ನು ತಿಂದಾಗ ಹುಲ್ಲು ತನ್ನ ಬುಡದಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಹೊಸ ಎಲೆ ಹೊರಡಿಸುತ್ತದೆ. ಆ ಹೊಸ ಎಲೆಯು ಕೂಡಿಡುವಷ್ಟು ದುಡಿಯುವ ಮುಂಚೆಯೇ ಮತ್ತೆ ಮೇಯಿಸಿದರೆ ಬುಡದ ಗಂಟು ಬರಿದಾಗುತ್ತದೆ. ಆಗ ಬೇರಿನ ಬೆಳವಣಿಗೆ ನಿಲ್ಲುತ್ತದೆ, ಹಳೆಯ ಬೇರುಗಳು ಸಾಯುತ್ತವೆ, ಉಳಿದವು ಮೇಲಿನ ಪದರಕ್ಕೆ ಸೀಮಿತವಾಗುತ್ತವೆ. ಮಳೆ ಚೆನ್ನಾಗಿ ಬರುವವರೆಗೆ ಈ ನಷ್ಟವು ಯಾರ ಕಣ್ಣಿಗೂ ಬೀಳುವುದಿಲ್ಲ. ಹುಲ್ಲು ಗಿಡ್ಡವಾಗಿದ್ದರೂ ಹಸಿರಾಗಿಯೇ ಇರುತ್ತದೆ.

ಮುಂದೆ 1955ರಲ್ಲಿ ಅಮೆರಿಕದ ಇನ್ನೊಬ್ಬ ವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ ಅವರು, ಒಮ್ಮೆಗೆ ಎಲೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆದರೆ ಹುಲ್ಲಿನ ಬೇರಿನ ಬೆಳವಣಿಗೆ ಕೆಲಕಾಲ ನಿಂತೇಹೋಗುತ್ತದೆ ಎಂಬುದನ್ನು ತೋರಿಸಿದರು. ಅರ್ಧ ಮೇಯಿಸಿ ಅರ್ಧ ಉಳಿಸಬೇಕೆಂಬ ಇಂದಿನ ಶಿಫಾರಸಿಗೆ ಇಂತಹ ಪ್ರಯೋಗಗಳೇ ಆಧಾರ.

ಮಹಾ ಬರ: 1933ರಿಂದ 1940

ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಪ್ರಕೃತಿಯೇ ಒರೆಗೆ ಹಚ್ಚುವ ಕಾಲ ಬೇಗನೆ ಬಂದಿತು. 1933ರಿಂದ ಅಮೆರಿಕದ ನಡುಬಯಲಿನಲ್ಲಿ ಮಳೆ ಕುಂದತೊಡಗಿತು. 1934ರ ಬೇಸಿಗೆ ಭೀಕರವಾಗಿತ್ತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನ ಬಿರುಗಾಳಿಯು ಹಗಲನ್ನೇ ಕತ್ತಲಾಗಿಸಿದ್ದರಿಂದ ಆ ದಿನವು ಕಪ್ಪು ಭಾನುವಾರ ಎಂದೇ ಚರಿತ್ರೆಯಲ್ಲಿ ದಾಖಲಾಗಿದೆ. ಅದೇ ತಿಂಗಳ 27ರಂದು ಅಮೆರಿಕ ಸರ್ಕಾರವು ಮಣ್ಣು ಸಂರಕ್ಷಣೆಯ ಕಾಯಿದೆಯನ್ನು ಜಾರಿಗೆ ತಂದಿತು. 1936ರ ಜುಲೈ 25ರಂದು ವೀವರ್ ಅವರು ನೆಲೆಸಿದ್ದ ಲಿಂಕನ್ ನಗರದಲ್ಲಿ ಉಷ್ಣಾಂಶವು 46 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬರವು 1940ರವರೆಗೂ ಮುಂದುವರಿಯಿತು.

ವೀವರ್ ಅವರಿಗೆ ಆಗ ಐವತ್ತು ವರ್ಷ ವಯಸ್ಸು. ಬರಕ್ಕೆ ಮುಂಚೆಯೇ ಅವರು ಪ್ರೇರಿಯ ಹಲವೆಡೆ ಒಂದೊಂದು ಮೀಟರ್ ಚೌಕದ ಶಾಶ್ವತ ಅಂಕಣಗಳನ್ನು ಗುರುತಿಸಿ, ಯಾವ ಹುಲ್ಲಿನ ಬುಡ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಬರೆದಿಟ್ಟಿದ್ದರು. ಆದ್ದರಿಂದ ಬರದಲ್ಲಿ ಏನು ಸತ್ತಿತು, ಏನು ಉಳಿಯಿತು ಎಂಬುದನ್ನು ಅಂದಾಜಿನಿಂದಲ್ಲದೆ ಲೆಕ್ಕದಿಂದ ಹೇಳಲು ಅವರಿಗೆ ಸಾಧ್ಯವಾಯಿತು. ಈ ಕಾರ್ಯದಲ್ಲಿ ಅವರ ಮುಖ್ಯ ಸಹಯೋಗಿಯಾದವರು ಕಾನ್ಸಾಸ್ ರಾಜ್ಯದ ಹೇಸ್ ಪಟ್ಟಣದ ಕಾಲೇಜಿನಲ್ಲಿದ್ದ ಆಲ್ಬರ್ಟ್‌ಸನ್. ಹೇಸ್ ಪಟ್ಟಣದ ಸರಾಸರಿ ಮಳೆ ವರ್ಷಕ್ಕೆ ಸುಮಾರು 580 ಮಿಲಿಮೀಟರ್. ಇದು ನಮ್ಮ ವಿಜಯಪುರ ಜಿಲ್ಲೆಯ ಸರಾಸರಿಗೆ ಬಹಳ ಹತ್ತಿರದ್ದು.

ಅವರಿಬ್ಬರೂ ಅಯೋವಾ, ನೆಬ್ರಾಸ್ಕ, ಕಾನ್ಸಾಸ್‌ಗಳ ಹುಲ್ಲುಗಾವಲುಗಳನ್ನು ವರ್ಷವರ್ಷವೂ ಸುತ್ತಿ ದಾಖಲಿಸಿದ ಸಂಗತಿಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ಸಾವು ಬೇರಿನ ಆಳಕ್ಕೆ ತಕ್ಕಂತೆ ಹಂಚಿಕೆಯಾಯಿತು. ದಿಬ್ಬಗಳ ಮೇಲೆ ಬಹುಪಾಲು ನೆಲವನ್ನು ಆವರಿಸಿದ್ದ ಸಣ್ಣ ಬ್ಲೂಸ್ಟೆಮ್ ವ್ಯಾಪಕವಾಗಿ ನಾಶವಾಯಿತು. ಅದಕ್ಕಿಂತ ಆಳಕ್ಕೆ ಬೇರು ಬಿಟ್ಟಿದ್ದ, ನೆಲದಡಿಯ ಕಾಂಡಗಳಿಂದ ಹಬ್ಬುವ ದೊಡ್ಡ ಬ್ಲೂಸ್ಟೆಮ್ ಹೆಚ್ಚು ಕಾಲ ತಾಳಿತು. ಮೇಲುಬೇರಿನ ಸಣ್ಣ ಸಸ್ಯಗಳು ಕಣ್ಮರೆಯಾದವು. ಆಳಬೇರಿನ ಪೊದೆಗಳು ಉಳಿದವು.

ಎರಡನೆಯದು, ಬರದ ಪೆಟ್ಟು ಎಲ್ಲ ಹುಲ್ಲುಗಾವಲುಗಳ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ. ಹಿಂದಿನ ವರ್ಷಗಳಲ್ಲಿ ಹಿತಮಿತವಾಗಿ ಮೇಯಿಸಿದ ಹುಲ್ಲುಗಾವಲಿನಲ್ಲಿ ನಷ್ಟವಾದರೂ ಬುಡಗಳು ಅಲ್ಲಲ್ಲಿ ಜೀವ ಹಿಡಿದಿದ್ದವು. ಬೇಲಿಯ ಇನ್ನೊಂದು ಬದಿಯಲ್ಲಿ, ಅದೇ ಮಣ್ಣು, ಅದೇ ಮಳೆ ಇದ್ದರೂ ಅತಿಯಾಗಿ ಮೇಯಿಸಿದ ನೆಲವು ಬಹುಮಟ್ಟಿಗೆ ಬರಿದಾಗಿತ್ತು. ಅಂತಹ ನೆಲದಲ್ಲಿ ಬಿದ್ದ ಅಲ್ಪ ಮಳೆಯೂ ಒಳಗಿಳಿಯದೆ ಹರಿದುಹೋಗುತ್ತಿತ್ತು. ಹುಲ್ಲು ದಟ್ಟವಾಗಿರುವ ಪ್ರೇರಿ, ಮೇಯಿಸಿದ ಹುಲ್ಲುಗಾವಲು ಮತ್ತು ಉಳುಮೆ ಮಾಡಿದ ಹೊಲಗಳಿಂದ ಎಷ್ಟು ನೀರು, ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಎಂಬುದನ್ನು ವೀವರ್ ಅವರು ಪ್ರತ್ಯೇಕವಾಗಿ ಅಳೆದು 1935ರಲ್ಲಿ ಪ್ರಕಟಿಸಿದ್ದರು.

ಮೂರನೆಯದು, ಹುಲ್ಲುಗಾವಲಿನ ಸ್ವರೂಪವೇ ಬದಲಾಯಿತು. ಪಶ್ಚಿಮದ ಒಣಪ್ರದೇಶದ ಗಿಡ್ಡ ಹುಲ್ಲುಗಳು 100ರಿಂದ 150 ಮೈಲಿಗಳಷ್ಟು ಪೂರ್ವಕ್ಕೆ ಸರಿದು ಎತ್ತರದ ಹುಲ್ಲಿನ ಜಾಗವನ್ನು ಆಕ್ರಮಿಸಿದವು. ಸ್ಥಿರವಾಗಿ ನೆಲೆಗೊಂಡ ಸಸ್ಯಸಮುದಾಯವು ಸುಲಭವಾಗಿ ಅಲುಗುವುದಿಲ್ಲ ಎಂಬುದು ವೀವರ್ ಅವರು ತಮ್ಮ ಗುರುಗಳಿಂದ ಪಡೆದ ತಿಳುವಳಿಕೆಯಾಗಿತ್ತು. ಏಳೇ ವರ್ಷಗಳ ಬರವು ಅದನ್ನು ಅಲುಗಿಸಿತು. ಕಂಡದ್ದನ್ನು ಕಂಡಂತೆಯೇ ಅವರು ದಾಖಲಿಸಿದರು. ಅವರ ದಾಖಲೆಗಳಿಗೆ ಇಂದಿಗೂ ಬೆಲೆ ಇರುವುದು ಈ ಪ್ರಾಮಾಣಿಕತೆಯಿಂದ.

ಮಳೆ ಮರಳಿದ ಮೇಲೆ

1941ರಿಂದ ಮಳೆ ಮತ್ತೆ ಸುರಿಯತೊಡಗಿತು. ಬರದ ಅಧ್ಯಯನ ಮುಗಿಯಿತೆಂದು ಅನೇಕರು ಭಾವಿಸಬಹುದಾಗಿದ್ದ ಈ ಹಂತದಲ್ಲಿ ವೀವರ್ ಮತ್ತು ಆಲ್ಬರ್ಟ್‌ಸನ್ ಅವರು ಚೇತರಿಕೆಯ ಅಧ್ಯಯನವನ್ನು ಕೈಗೊಂಡರು. 1943 ಮತ್ತು 1944ರಲ್ಲಿ ಅದರ ವರದಿಗಳು ಪ್ರಕಟವಾದವು.

ಸತ್ತಿವೆಯೆಂದು ತಿಳಿದಿದ್ದ ಎಷ್ಟೋ ಬುಡಗಳು ಹಲವು ವರ್ಷಗಳ ಸುಪ್ತಾವಸ್ಥೆಯ ನಂತರ ಚಿಗುರಿದವು. ನೆಲದಡಿಯ ಕಾಂಡಗಳಿಂದ ಹೊಸ ಮೊಳಕೆಗಳು ಎದ್ದವು. ಉಳಿದ ಹುಲ್ಲುಗಳು ಬೀಜ ಉದುರಿಸಿ ಬರಿನೆಲವನ್ನು ತುಂಬತೊಡಗಿದವು. ಆದರೆ ಚೇತರಿಕೆಯ ವೇಗವು ಎಲ್ಲೆಡೆ ಒಂದೇ ಆಗಿರಲಿಲ್ಲ. ಜೀವಂತ ಬುಡಗಳು ಉಳಿದಿದ್ದ ಕಡೆ ಕೆಲವೇ ವರ್ಷಗಳಲ್ಲಿ ಹುಲ್ಲು ಮರಳಿತು. ಅತಿಮೇವಿನಿಂದ ಬುಡವೇ ನಾಶವಾಗಿದ್ದ ಕಡೆ ಕಳೆಗಳು ತುಂಬಿಕೊಂಡವು. ಒಳ್ಳೆಯ ಹುಲ್ಲು ಬೀಜದಿಂದಲೇ ಹುಟ್ಟಿಬರಬೇಕಾಯಿತು.

ಬರದ ಕಾಲದಲ್ಲಿ ಹಬ್ಬಿದ್ದ ಪಶ್ಚಿಮ ವೀಟ್‌ಗ್ರಾಸ್ ಎಂಬ ಹುಲ್ಲು ಮತ್ತೊಂದು ಅಡ್ಡಿಯನ್ನು ತಂದಿತ್ತು. ಅದು ವಸಂತದ ಆರಂಭದಲ್ಲಿಯೇ ಚಿಗುರಿ ಮಣ್ಣಿನ ತೇವವನ್ನೆಲ್ಲ ಹೀರಿಬಿಡುತ್ತಿದ್ದುದರಿಂದ ತಡವಾಗಿ ಚಿಗುರುವ ಬ್ಲೂಸ್ಟೆಮ್ ಹುಲ್ಲುಗಳಿಗೆ ನೀರು ಸಾಲುತ್ತಿರಲಿಲ್ಲ. ಹಸಿರು ಕಂಡಮಾತ್ರಕ್ಕೆ ಹುಲ್ಲುಗಾವಲು ಚೇತರಿಸಿಕೊಂಡಿದೆ ಎನ್ನಲಾಗದು, ಯಾವ ಹುಲ್ಲು ಎಂಬುದನ್ನೂ ನೋಡಬೇಕು ಎಂಬುದು ಇದರ ಪಾಠ.

1946ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ವೀವರ್ ಅವರು ಒಂದೊಂದು ಬೇರಿಗೂ ಗುರುತಿನ ಪಟ್ಟಿ ಕಟ್ಟಿ ಅದರ ಆಯುಷ್ಯವನ್ನು ಪರಿಶೀಲಿಸಿದರು. ಬಹುವಾರ್ಷಿಕ ಹುಲ್ಲುಗಳ ಅನೇಕ ಬೇರುಗಳು ಮೂರನೆಯ ವರ್ಷವೂ ಜೀವಂತವಾಗಿದ್ದವು. ಅಂದರೆ ಈ ವರ್ಷ ಹುಲ್ಲಿಗೆ ಕೊಟ್ಟ ವಿಶ್ರಾಂತಿಯ ಫಲವು ಮುಂದಿನ ವರ್ಷಗಳ ಬರದಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕೊನೆಯ ವರ್ಷಗಳು

ನಿವೃತ್ತಿಯ ನಂತರವೂ ವೀವರ್ ಅವರ ಬರವಣಿಗೆ ನಿಲ್ಲಲಿಲ್ಲ. 1954ರಲ್ಲಿ ಉತ್ತರ ಅಮೆರಿಕದ ಪ್ರೇರಿಯನ್ನು ಕುರಿತ ಗ್ರಂಥವನ್ನೂ 1956ರಲ್ಲಿ ಆಲ್ಬರ್ಟ್‌ಸನ್ ಅವರೊಡನೆ ಮಹಾಬಯಲಿನ ಹುಲ್ಲುಗಾವಲುಗಳನ್ನು ಕುರಿತ ಗ್ರಂಥವನ್ನೂ ಹೊರತಂದರು. ಅವರು 1966ರ ಜೂನ್‌ನಲ್ಲಿ ನಿಧನರಾದರು. ಅವರ ಕೊನೆಯ ಗ್ರಂಥವು 1968ರಲ್ಲಿ, ಅವರ ಮರಣಾನಂತರ ಪ್ರಕಟವಾಯಿತು.

ಅವರು ಅಳೆದು ಬರೆದ ಪ್ರೇರಿಗಳಲ್ಲಿ ಹೆಚ್ಚಿನವು ಈಗ ಹುಲ್ಲುಗಾವಲಾಗಿ ಉಳಿದಿಲ್ಲ, ಉಳುಮೆಗೆ ಒಳಗಾಗಿವೆ. ಲಿಂಕನ್ ನಗರದ ಸಮೀಪದ, ಅವರೂ ಅವರ ಶಿಷ್ಯರೂ ಅಭ್ಯಸಿಸಿದ ನೈನ್ ಮೈಲ್ ಪ್ರೇರಿಯಲ್ಲಿ ಸುಮಾರು 230 ಎಕರೆಯನ್ನು ಸಂರಕ್ಷಿಸಲಾಗಿದೆ. ಉಳಿದೆಡೆ ಅವರ ನಕ್ಷೆಗಳೇ ಆ ಹುಲ್ಲಿನ ಬಹುಮುಖ್ಯ ದಾಖಲೆ.

ಅದೇ ದಶಕದ ವಿಜಾಪುರ

ನೆಬ್ರಾಸ್ಕದ ಹುಲ್ಲು ಒಣಗುತ್ತಿದ್ದ ಅದೇ ದಿನಗಳಲ್ಲಿ ನಮ್ಮ ಭಾಗದಲ್ಲಿಯೂ ಒಣಬೇಸಾಯದ ಸಂಶೋಧನೆಗೆ ಅಡಿಪಾಯ ಬಿದ್ದಿತ್ತು. ಸಾಮ್ರಾಜ್ಯ ಕೃಷಿ ಸಂಶೋಧನಾ ಮಂಡಳಿಯ ನೆರವಿನಿಂದ 1933ರಿಂದ ಆರಂಭವಾದ ಯೋಜನೆಯಡಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ ಮತ್ತು ರೋಹ್ತಕ್‌ಗಳಲ್ಲಿ ಒಣಬೇಸಾಯ ಕೇಂದ್ರಗಳು ಕಾರ್ಯಾರಂಭ ಮಾಡಿದವು. ಒಡ್ಡು ಹಾಕುವುದು, ಕೊಟ್ಟಿಗೆ ಗೊಬ್ಬರ ಕೊಡುವುದು, ಸಾಲುಗಳ ನಡುವೆ ಹೆಚ್ಚು ಅಂತರ ಬಿಟ್ಟು ಕಡಿಮೆ ಬೀಜ ಬಿತ್ತುವುದು, ಪದೇಪದೇ ಎಡೆ ಹೊಡೆಯುವುದು ಮುಂತಾದ ಕ್ರಮಗಳು ಬಾಂಬೆ ಒಣಬೇಸಾಯ ಪದ್ಧತಿ ಎಂದು ಪ್ರಸಿದ್ಧವಾದವು. ಹಿಂಗಾರಿ ಜೋಳಕ್ಕಾಗಿ ಎರೆ ಭೂಮಿಯಲ್ಲಿ ತೇವವನ್ನು ಹಿಡಿದಿಡುವುದೇ ಇದರ ಉದ್ದೇಶ. ಈ ಜ್ಞಾನವು ಹೊಲದೊಳಗೆ ಬಹುಮಟ್ಟಿಗೆ ನೆಲೆಯೂರಿದೆ. ಆದರೆ ಮಡ್ಡಿ ಮತ್ತು ಗಾಯರಾಣದ ಹುಲ್ಲಿಗೆ ಹೊಲದ ಬೆಳೆಗೆ ಸಿಕ್ಕಷ್ಟು ಗಮನ ಸಿಕ್ಕಿಲ್ಲ. ಹುಲ್ಲು ತಾನಾಗಿಯೇ ಬರುತ್ತದೆ ಎಂಬ ಭಾವನೆ ಇದಕ್ಕೆ ಕಾರಣ.

ನಾಲತವಾಡದ ಮಡ್ಡಿಗೆ ಅನ್ವಯ

ವೀವರ್ ಅವರ ಅಂಕಿಗಳನ್ನು ನಮ್ಮ ನೆಲಕ್ಕೆ ಹಾಗೆಯೇ ಅನ್ವಯಿಸಲಾಗದು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಇಲ್ಲಿ ನಾಲ್ಕೈದು ತಿಂಗಳ ಮಳೆಯ ನಂತರ ದೀರ್ಘವಾದ ಒಣ ಅವಧಿ. ಅಲ್ಲಿನ ಮಣ್ಣು ಅನೇಕ ಅಡಿ ಆಳ. ನಮ್ಮ ಮಡ್ಡಿಗಳಲ್ಲಿ ಒಂದೆರಡು ಅಡಿಗೇ ಗರಸು ಸಿಗುವುದುಂಟು. ಅಲ್ಲಿ ಬೇಲಿ ಹಾಕಿದ ಖಾಸಗಿ ಹುಲ್ಲುಗಾವಲು. ಇಲ್ಲಿ ಊರಿಗೆಲ್ಲ ಸೇರಿದ ಗಾಯರಾಣ. ಆದರೆ ಎಲೆಗೂ ಬೇರಿಗೂ ಇರುವ ಸಂಬಂಧವು ಎಲ್ಲೆಡೆ ಒಂದೇ. ಮಣ್ಣು ತೆಳುವಾದಷ್ಟೂ ಇರುವ ಬೇರನ್ನು ಉಳಿಸಿಕೊಳ್ಳುವ ಅಗತ್ಯ ಹೆಚ್ಚು. ಆದ್ದರಿಂದ ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

1. ಸತ್ತಿದೆಯೋ ಮಲಗಿದೆಯೋ ಎಂಬುದನ್ನು ಅಗೆದು ನೋಡಿರಿ. ಮಡ್ಡಿಯ ನಾಲ್ಕೈದು ಕಡೆ ಹುಲ್ಲಿನ ಬುಡವನ್ನು ಸಲಿಕೆಯಿಂದ ಎತ್ತಿ, ಮಣ್ಣು ಉದುರಿಸಿ, ಬುಡವನ್ನು ಸೀಳಿ ಪರೀಕ್ಷಿಸಬೇಕು. ಒಳಭಾಗ ಬಿಳುಪಾಗಿ ಗಟ್ಟಿಯಾಗಿದ್ದರೆ ಜೀವವಿದೆ. ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಸತ್ತಿದೆ. ಹೆಚ್ಚಿನ ಬುಡಗಳು ಜೀವಂತವಿದ್ದರೆ ವಿಶ್ರಾಂತಿಯೇ ಸಾಕು. ಹೆಚ್ಚಿನವು ಸತ್ತಿದ್ದರೆ ಬೀಜ ಹಾಕಬೇಕಾಗುತ್ತದೆ.

2. ಮೊದಲ ಮಳೆಯ ಹಸಿರಿಗೆ ದನ ಬಿಡಬೇಡಿರಿ. ಬರದ ನಂತರದ ಮೊದಲ ಚಿಗುರು ಬುಡದಲ್ಲಿ ಉಳಿದಿರುವ ಕೊನೆಯ ಗಂಟಿನಿಂದ ಬಂದದ್ದು. ಅದನ್ನು ಮೇಯಿಸಿದರೆ ಬರದಲ್ಲಿ ಬದುಕುಳಿದ ಹುಲ್ಲು ಮಳೆಗಾಲದಲ್ಲಿ ಸಾಯುತ್ತದೆ. ಹುಲ್ಲು ಕನಿಷ್ಠ ಒಂದು ಗೇಣು ಎತ್ತರ ಬೆಳೆಯುವವರೆಗೆ ಕಾಯಬೇಕು. ಈ ಕೆಲವು ವಾರಗಳಿಗಾಗಿಯೇ ಬಣವೆಯ ಒಂದು ಪಾಲು ಕಣಿಕೆಯನ್ನು ಮೊದಲೇ ತೆಗೆದಿರಿಸುವುದು ಒಳಿತು. ಬರದ ಮೇವಿನ ಲೆಕ್ಕವನ್ನು ಮಳೆ ಬೀಳುವ ದಿನಕ್ಕೆ ಮುಗಿಸದೆ ಹುಲ್ಲು ಬಲಿಯುವ ದಿನದವರೆಗೆ ಹಾಕಬೇಕು.

3. ಅರ್ಧ ಮೇಯಿಸಿ, ಅರ್ಧ ಉಳಿಸಿರಿ. ಒಡ್ಡಿನ ಹುಲ್ಲನ್ನು ಕೊಯ್ಯುವಾಗಲೂ ನೆಲಮಟ್ಟಕ್ಕೆ ಕೊಯ್ಯದೆ ನಾಲ್ಕು ಬೆರಳಿನಷ್ಟು ಬುಡ ಬಿಡಬೇಕು.

4. ಗಾಯರಾಣವನ್ನು ಸರದಿಯಲ್ಲಿ ಬಳಸಿರಿ. ಊರವರು ಕೂಡಿ ಗಾಯರಾಣವನ್ನು ಮೂರು ನಾಲ್ಕು ಭಾಗ ಮಾಡಿ, ಪ್ರತಿವರ್ಷ ಒಂದು ಭಾಗಕ್ಕೆ ಹುಲ್ಲು ಬೀಜ ಕಟ್ಟಿ ಉದುರಿಸುವವರೆಗೆ ದನ ಬಿಡದಿರಲು ನಿರ್ಣಯಿಸಬಹುದು. ಬೀಜ ಉದುರಿದ ಮೇಲೆ ಒಣಹುಲ್ಲನ್ನು ಕೊಯ್ದು ಹಂಚಿಕೊಳ್ಳಬಹುದು. ಒಬ್ಬನು ಪಾಲಿಸಿ ಹತ್ತು ಜನ ಮುರಿದರೆ ಇದು ಸಾಗದು; ಆದ್ದರಿಂದ ಗ್ರಾಮಸಭೆಯಲ್ಲಿ, ಕುರಿಗಾರರನ್ನೂ ಸೇರಿಸಿಕೊಂಡು, ಮಳೆಗಾಲಕ್ಕೆ ಮುಂಚೆಯೇ ನಿರ್ಣಯವಾಗಬೇಕು.

5. ಬರಿದಾದ ಕಡೆ ಬೀಜ ಹಾಕಿರಿ. ಅಂಜನ್ ಹುಲ್ಲು, ಮಾರ್ವೆಲ್ ಹುಲ್ಲು ಮತ್ತು ಅವುಗಳೊಡನೆ ದ್ವಿದಳ ಮೇವಾದ ಸ್ಟೈಲೋ ನಮ್ಮ ಒಣಪ್ರದೇಶಕ್ಕೆ ಹೊಂದುತ್ತವೆ. ಹುಲ್ಲಿನ ಬೀಜ ಬಹಳ ಹಗುರ. ಹಸಿಮಣ್ಣಿನೊಡನೆ ಕಲಸಿ, ಮಳೆ ಆರಂಭವಾದಾಗ, ಆಳಕ್ಕೆ ಹೋಗದಂತೆ ಮೇಲ್ಪದರದಲ್ಲಿಯೇ ಬಿತ್ತಬೇಕು. ಬಿತ್ತಿದ ಮೊದಲ ವರ್ಷ ಮೇಯಿಸಬಾರದು. ಮೇವಿನ ಬೆಳೆಗಳ ಬಗೆಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರದಿಂದ ಮಾಹಿತಿ ಪಡೆಯಬಹುದು.

6. ವಿಸ್ತರಣಾ ಕಾರ್ಯಕರ್ತರು ಅಂಕಣ ಇಡಿರಿ. ಪ್ರತಿ ಗ್ರಾಮದ ಗಾಯರಾಣದಲ್ಲಿ ಒಂದು ಮೀಟರ್ ಚೌಕದ ಎರಡು ಮೂರು ಅಂಕಣಗಳಿಗೆ ನಾಲ್ಕು ಮೂಲೆಯಲ್ಲಿ ಕಲ್ಲು ಹೂಳಿ, ಪ್ರತಿವರ್ಷ ಮಳೆಗಾಲದ ಕೊನೆಯಲ್ಲಿ ಮೇಲಿನಿಂದ ಚಿತ್ರ ತೆಗೆದು, ಎಷ್ಟು ಬುಡ, ಯಾವ ಜಾತಿ ಎಂಬುದನ್ನು ದಾಖಲಿಸಬೇಕು. ಮೊಬೈಲ್ ಫೋನ್ ಇದ್ದವರಿಗೆ ಇದು ಅರ್ಧ ದಿನದ ಕೆಲಸ. ಐದು ವರ್ಷಗಳ ಇಂತಹ ದಾಖಲೆ ಇದ್ದರೆ ಹುಲ್ಲು ಸುಧಾರಿಸುತ್ತಿದೆಯೋ ಕುಗ್ಗುತ್ತಿದೆಯೋ ಎಂಬ ವಾದಕ್ಕೆ ಗ್ರಾಮಸಭೆಯಲ್ಲಿ ಸ್ಪಷ್ಟ ಉತ್ತರ ಸಿಗುತ್ತದೆ.

ಬರವನ್ನು ತಡೆಯುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಬರ ಬಂದಾಗ ಹುಲ್ಲು ಎಷ್ಟು ಆಳದ ಬೇರಿನೊಡನೆ ಅದನ್ನು ಎದುರಿಸುತ್ತದೆ ಎಂಬುದು ಅದಕ್ಕೆ ಹಿಂದಿನ ಒಳ್ಳೆಯ ಮಳೆಯ ವರ್ಷಗಳಲ್ಲಿ, ನಮ್ಮ ಕೈಯಿಂದಲೇ ನಿರ್ಧಾರವಾಗುತ್ತದೆ. ಮೇವು ಯಥೇಚ್ಛವಾಗಿದ್ದಾಗ ಅರ್ಧ ಉಳಿಸುವುದು ವ್ಯರ್ಥವೆಂದು ತೋರಬಹುದು. ವೀವರ್ ಅವರ ಕಂದಕಗಳು ತೋರಿಸಿದಂತೆ ಆ ಉಳಿಕೆಯೇ ನೆಲದಡಿ ಇಡುವ ಠೇವಣಿ. ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.